ಒಂದು ಕಪ್ಪು ಗುಂಡಿ

“ತಲೆಗೆ ಎರಡು ಬಿಯರು, ಮೇಲೆ ಅರ್ಧರ್ಧ ಬಾಟಲಿ ವಿಸ್ಕಿ. ಕಣ್ಣು ಮುಚ್ಕೊಂಡು ತಗೊಂಡ್‌ಬಿಡೋಣ ಅಕ್ಕ,” ಎಂದ ತಮ್ಮ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತು ಕಾಲಾಡಿಸುತ್ತಾ.

ಅಕ್ಕ ಟೈಲರ್. ಕಣ್ಣು ಮುಚ್ಚಿಕೊಂಡು ಒಂದು ಕರ್ಚೀಫನ್ನೂ ಕತ್ತರಿಸಿದವಳಲ್ಲ. ಭಾನುವಾರ ಮಗಳ ಮದುವೆ, ಸಂಜೆಯ ಪಾರ್ಟಿಗೆ ಇನ್ನೂರು ಜನ. ಊಟದ ವ್ಯವಸ್ಥೆ ಬೀಗರದು, ಕುಡಿಯುವುದರದ್ದು ಇವರದು ಎಂದು ಮಾತಾಗಿತ್ತು. ಆಗಲೇ ಅವಳು ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ಗಂಡ ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ಇನ್ನೊಮ್ಮೆ ಮುಟ್ಟಿದರೆ ನನ್ನ ಹತ್ತಿರ ಕರೆತರಲೇಬೇಡಿ ಎಂದು ಡಾಕ್ಟರು ಕೈ ಮುಗಿದಿದ್ದರು. ಹಾಗಂತ ಊರಿನ ಬಾಟಲಿಯನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಲು ಯಾರಿಂದಾದೀತು? ಮಗಳ ಪಕ್ಕದಲ್ಲಿ ಅಪ್ಪ ನೆಟ್ಟಗೆ ನಿಲ್ಲಬೇಕು, ಬಾಟಲಿ ಎದುರಿಗಿದ್ದಾಗಲೇ ನಿಲ್ಲಬೇಕು. ಅವಳು ಹಾಗೆಂದು ನಿರ್ಧರಿಸಿಬಿಟ್ಟಿದ್ದಳು.

ಲೆಕ್ಕವನ್ನು ಮಾತ್ರ ಅವನ ಕಿವಿಗೆ ಬೀಳದಂತೆ ಮುಗಿಸುವ ಯೋಚನೆಯಿತ್ತು. ಆದರೆ ತಮ್ಮನದು ಪಿಸುಗುಟ್ಟಿದರೂ ಮೂರು ಮನೆಗೆ ಕೇಳುವ ಗಂಟಲು. ಗಂಡ ಬಾಗಿಲಲ್ಲಿ ಬಂದು ನಿಂತ. ಲಿಫ್ಟ್ ರಿಪೇರಿಯವನು, ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

“ಅಷ್ಟು ತಂದ್ರೆ ಮದುಮಗಳೇ ಎಲ್ಲರನ್ನೂ ಹೊತ್ಕೊಂಡು ಹೋಗಿ ಮನೆಗೆ ಬಿಡ್ಬೇಕಾಗುತ್ತೆ,” ಎಂದ.

ತಮ್ಮ ಗಾಬರಿಯಿಂದ ಅಕ್ಕನ ಮುಖ ನೋಡಿದ. ಕುರಿ ಕಾಯೋಕೆ ತೋಳನ್ನ ಬಿಟ್ಟ ಹಾಗಾಗುತ್ತೆ ಎಂದು ಅವನ ಕಣ್ಣೇ ಹೇಳುತ್ತಿತ್ತು. ಆದರೆ ಯಾರು ಎಷ್ಟು ಕುಡಿಯುತ್ತಾರೆ ಎಂಬುದು ಇಡೀ ಬಳಗದಲ್ಲಿ ಆ ಒಬ್ಬನಿಗಲ್ಲದೆ ಇನ್ಯಾರಿಗೂ ಗೊತ್ತಿರಲಿಲ್ಲ. ಅವಳು ಗಂಡನಿಗೆ ಒಂದು ಸ್ಟೂಲು ಎಳೆದು ಹಾಕಿ, ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಕುಡಿಯುವವರಿಗೆ ತಲೆಗೊಂದು ಗುಂಡಿ, ವಿಸ್ಕಿಯವರಿಗೆ ಕಪ್ಪು, ಬಿಯರಿನವರಿಗೆ ಬಿಳಿ, ಲೆಕ್ಕ ಹಾಕಿ ನೋಡೋಣ ಎಂದಳು.

ಅವನು ಕುಳಿತ. ತೋರುಬೆರಳಿನಿಂದ ಒಂದು ಕಪ್ಪು ಗುಂಡಿಯನ್ನು ಮುಂದಕ್ಕೆ ತಳ್ಳಿ, ಇನ್ನು ಬೀಗರ ಕಡೆಯವರು ಎಂದು ಶುರು ಮಾಡಿದ. ಇನ್ನೂರರಲ್ಲಿ ಅರ್ಧಕ್ಕರ್ಧ ಜನ ಮುಟ್ಟುವವರೇ ಅಲ್ಲ. ಬೀಗರ ತಮ್ಮಂದಿರು ಇಬ್ಬರೂ ಕಪ್ಪು. ಎದುರುಮನೆ ಮೇಷ್ಟ್ರು ಒಂದೇ ಒಂದು ಅಂತ ಕೂತು ಮೂರಕ್ಕೆ ಏಳುತ್ತಾರೆ. ಗಡ್ಡದ ಫೋಟೋಗ್ರಾಫರ್ ಬಿಳಿ, ಅವನಿಗೆ ಕೊನೆಯಲ್ಲಿ ಕೊಡಬೇಕು, ಇಲ್ಲದಿದ್ದರೆ ಫೋಟೋದಲ್ಲಿ ಯಾರಿಗೂ ತಲೆ ಇರುವುದಿಲ್ಲ. ಮೊದಲ ಸುತ್ತು ಬೇಗ ಖಾಲಿಯಾಗುತ್ತೆ, ಆಮೇಲೆ ಮಾತು ಹೆಚ್ಚು, ಕುಡಿತ ಕಡಿಮೆ. ಊಟದ ತಟ್ಟೆ ಬಂದ ಮೇಲೂ ಗ್ಲಾಸು ಕೇಳುವವರು ನಾಲ್ಕೈದು ಜನ, ಅವರು ಯಾರ್ಯಾರು ಎಂಬುದೂ ಅವನಿಗೆ ಬಾಯಿಪಾಠ. ತಮ್ಮ ನಕ್ಕು ನಕ್ಕು ಸುಸ್ತಾದ. ಅವಳಿಗೂ ನಗು ಬಂತು, ಜೊತೆಗೆ ಭಯವೂ ಆಯಿತು. ಗಂಡನ ದನಿಗೆ ಹಳೆಯ ಹುರುಪು ಬಂದಿತ್ತು, ಎರಡು ಸಲ ನಾಲಿಗೆ ತುಟಿ ಸವರಿತ್ತು. ಆದರೂ ಅವಳು ನಿಲ್ಲಿಸಿ ಎನ್ನಲಿಲ್ಲ.

ಒಬ್ಬರಿಗೆ ಮೂರು ಪೆಗ್, ಒಂದು ಬಾಟಲಿಗೆ ಹನ್ನೆರಡು. ನಾಲ್ಕು ಕಪ್ಪು ಗುಂಡಿಗೆ ಒಂದು ಬಾಟಲಿಯಂತೆ ಗುಂಪು ಮಾಡು ಎಂದ ಗಂಡ. ಅವಳು ಮಾಡಿದಳು. ಕೊನೆಗೆ ಒಂದು ಕಪ್ಪು ಗುಂಡಿ ಯಾವ ಗುಂಪಿಗೂ ಸೇರದೆ ಉಳಿಯಿತು.

ಅದಕ್ಕೇನು, ಇನ್ನೊಂದು ಬಾಟಲಿ ತಂದರಾಯಿತು ಎಂದ ತಮ್ಮ. ಬಟ್ಟೆಯಾಗಿದ್ದರೆ ಅವಳೂ ಹಾಗೇ ಅನ್ನುತ್ತಿದ್ದಳು, ಯಾವಾಗಲೂ ಅಳತೆಗಿಂತ ಒಂದು ಗೇಣು ಹೆಚ್ಚೇ ಇಟ್ಟುಕೊಳ್ಳುವವಳು. ಇವತ್ತು ಒಪ್ಪಲಿಲ್ಲ. ಒಬ್ಬರಿಗೋಸ್ಕರ ಒಡೆದ ಬಾಟಲಿಯಲ್ಲಿ ಮಿಕ್ಕಿದ್ದು ಕೊನೆಗೆ ಬಂದು ಸೇರುವುದು ಇದೇ ಮನೆಗೆ. ಅವಳು ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ ಬಂದಳು, ಒಂದೊಂದೂ ಯಾರದೆಂದು ಗಂಡನಿಂದ ಹೇಳಿಸಿದಳು. ಬೀಗರ ತಮ್ಮಂದಿರು, ಮೇಷ್ಟ್ರು, ಎಲ್ಲರೂ ಬಂದುಹೋದರು. ಒಂಟಿ ಗುಂಡಿ ಮಾತ್ರ ಮೇಜಿನ ಮೇಲೆ ಕುಳಿತೇ ಇತ್ತು.

“ಇದು ಯಾರದು ರೀ?”

ತಮ್ಮನ ಕಾಲಾಟ ನಿಂತಿತು.

“ನಂದು,” ಎಂದ ಗಂಡ. “ಯಾವಾಗ್ಲೂ ನನ್ನಿಂದಾನೇ ಲೆಕ್ಕ ಶುರು ಮಾಡ್ತಿದ್ದೆ. ನಾನು ಬಿಟ್ಟಿದೀನಿ ಕಣೇ, ಕೈಗಿನ್ನೂ ಗೊತ್ತಾಗಿಲ್ಲ.”

ಅವಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿ ಬಂದವು. ಗುಂಡಿಯನ್ನು ಡಬ್ಬಿಗೆ ಹಾಕಲು ಕೈ ಚಾಚಿದಾಗ ಅವನು ತಡೆದ. ಹೊಲಿಗೆ ಮಿಷನ್ನಿನ ಮೇಲೆ ಪಾರ್ಟಿಗೆಂದು ಹೊಲಿದ ಅವನ ಬಿಳಿ ಅಂಗಿ ಇತ್ತು, ತೋಳಿನ ತುದಿಗೆ ಗುಂಡಿ ಹಾಕುವುದಷ್ಟೇ ಬಾಕಿ. ಅದನ್ನು ಎಳೆದು, ಕಪ್ಪು ಗುಂಡಿಯನ್ನು ಬಲ ಮುಂಗೈ ಪಟ್ಟಿಯ ಮೇಲಿಟ್ಟ.

“ಇದನ್ನ ಇಲ್ಲಿ ಹೊಲಿ. ಗ್ಲಾಸ್ ಎತ್ತೋ ಕೈ ಇದೇ. ಮೇಲೆ ಹೋದ್ರೆ ನನ್ನ ಕಣ್ಣಿಗೆ ಬೀಳ್ಬೇಕು.”

“ಬಿಳಿ ಅಂಗಿಗೆ ಒಂದೇ ಒಂದು ಕಪ್ಪು ಗುಂಡಿನಾ ಭಾವ? ಜನ ಅಕ್ಕನ್ನ ಆಡ್ಕೋತಾರೆ,” ಎಂದ ತಮ್ಮ.

“ಆಡ್ಕೊಳ್ಳಲಿ ಬಿಡು,” ಎಂದಳು ಅಕ್ಕ. ಇಷ್ಟು ವರ್ಷದಲ್ಲಿ ಒಂದು ಗುಂಡಿಯ ಬಣ್ಣವನ್ನೂ ತಪ್ಪಿಸಿದವಳಲ್ಲ. ಸೂಜಿಗೆ ದಾರ ಪೋಣಿಸಿ ಹೊಲಿದಳು, ಮಾಮೂಲಿಗಿಂತ ನಾಲ್ಕು ಸುತ್ತು ಹೆಚ್ಚಾಗಿಯೇ ಬಿಗಿದಳು.