ಹಳೇ ಪಂಪು

“ಅಣ್ಣಾ, ಈ ದೊಡ್ಡ ಪಂಪು ಬಿಚ್ಚಿ ಹಳೇದನ್ನೇ ಕೂರಿಸಿಕೊಡಿ,” ಎಂದಳು ಲಾರಿಯ ಜೊತೆ ಬಂದಿದ್ದ ಹೆಂಗಸು.

ದಸ್ತಗೀರ್ ಮಿಸ್ತ್ರಿಗೆ ಮೈ ಉರಿಯಿತು. ಗುಜರಿಗೆ ಹೋಗಬೇಕಿದ್ದ ಆ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ದೊಡ್ಡ ಪಂಪು, ಹೊಸ ನಾಜಲ್ ಹಾಕಿ, ಅವಳ ಗಂಡ ಕೇಳಿದಂತೆ ಹುಲಿ ಮಾಡಿ ಕಳಿಸಿದವನು ಅವನೇ. ಆಮೇಲೆ ಅದಕ್ಕೆ ಬಂದ ಗುಡುಗಿನಂಥ ಸದ್ದು ಆ ಹೆದ್ದಾರಿಯಲ್ಲಿ ಇನ್ನೊಂದು ಲಾರಿಗಿರಲಿಲ್ಲ.

“ಡೀಸೆಲ್ ಜಾಸ್ತಿ ಕುಡೀತೈತಾ?”

“ಇಲ್ಲ.”

“ಹೊಗೆ ಉಗುಳ್ತೈತಾ?”

“ಇಲ್ಲಣ್ಣ.”

ಅವಳ ಗಂಡ ತೀರಿಹೋದನೆಂದು ಮಿಸ್ತ್ರಿ ಕೇಳಿದ್ದ. ಹೇಗೆಂದು ವಿಚಾರಿಸಲು ಮಾತ್ರ ಇಷ್ಟು ದಿನ ಧೈರ್ಯ ಬಂದಿರಲಿಲ್ಲ.

“ಹಂಗಾದ್ರೆ ನಾನು ಕೊಟ್ಟ ಸ್ಪೀಡೇ ಅವನ್ನ ಕೊಂದಿದ್ದು ಅಂತೀಯೇನಮ್ಮಾ?”

“ಛೇ, ಎಂಥ ಮಾತಣ್ಣಾ! ಅವರು ಹೋಗಿದ್ದು ಕಾಮಾಲೆಯಿಂದ.” ಅವಳು ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಿಟ್ಟಳು. “ಈಗ ನನ್ನ ಮೈದುನ ಓಡಿಸ್ತಾನೆ. ಗಾಡಿ ಇನ್ನೂ ಊರಾಚೆ ಇರುವಾಗ್ಲೇ ಈ ಸದ್ದು ಕೇಳಿ, ನನ್ನ ಮಗಳು ಓಡಿಹೋಗಿ ಅಪ್ಪನ ತಟ್ಟೆ ತಂದಿಡ್ತಾಳೆ.”