ಎರಡನೆಯ ಹಾಳೆ

ಕಂಠೆಪ್ಪನನ್ನು ಕುಲುಮೆಯ ಕೆಲಸದಿಂದ ತೆಗೆದು ಲಾರಿ ತುಂಬುವ ಕೆಲಸಕ್ಕೆ ಹಾಕುವ ಪತ್ರ ಟೈಪಾಗಿ ಮ್ಯಾನೇಜರ್ ಪರ್ವೇಜರ ಮೇಜಿನ ಮೇಲೆ ಕೂತಿತ್ತು. ಊಟದ ಹೊತ್ತಿಗೆ ಅದಕ್ಕೆ ಸಹಿ ಬೀಳುತ್ತದೆಂದು ಇಡೀ ಕಾರ್ಖಾನೆಗೆ ಗೊತ್ತಿತ್ತು. ಸಾಂಖಳಿಯ ಹತ್ತಿರದ ಆ ಬಾಟಲಿ ಕಾರ್ಖಾನೆಯಲ್ಲಿ ಗಾಜು ಕರಗಿಸುವ ಬೆಂಕಿಯನ್ನು ಹದಿನೆಂಟು ವರ್ಷ ಕಾಯ್ದವನು ಅವನು. ಈಗ ಮೂರು ದಿನದಿಂದ ಅವನ ಉರಿ ಹಳದಿಯಾಗಿ ಹೊಗೆಯಾಡುತ್ತಿತ್ತು. ಫೇಣಿ ಮದ್ಯ ತುಂಬಬೇಕಾದ ಬಿಳಿ ಬಾಟಲಿಗಳು ಕಾಮಾಲೆಯಾದವರಂತೆ ಹೊರಬರುತ್ತಿದ್ದವು.

ಕುಲುಮೆಗೆ ಗಾಳಿ ಬಿಡುವ ವಾಲ್ವ್ ಯಾರೋ ತಿರುಗಿಸಿದ್ದಾರೆ, ವಾಲ್ವ್ ಇರುವುದು ಕಂಠೆಪ್ಪನ ಕೈಯಲ್ಲಿ, ಅಲ್ಲಿಗೆ ಮುಗಿಯಿತು ಎಂಬುದು ಪರ್ವೇಜರ ವಾದ. ತಾನು ಮುಟ್ಟಿಯೇ ಇಲ್ಲ, ಪೈಪಿನಲ್ಲಿ ಬರುವ ಗ್ಯಾಸೇ ಬೇರೆಯಾಗಿದೆ ಎಂಬುದು ಕಂಠೆಪ್ಪನ ವಾದ. ಆದರೆ ಅವನ ಮಾತಿಗೆ ಎದುರಾಗಿ ಲ್ಯಾಬಿನ ವರದಿಯಿತ್ತು. ಯಾವ ಅನಿಲ ಶೇಕಡಾ ಎಷ್ಟಿದೆ ಎಂಬ ಪಟ್ಟಿಯನ್ನು ಗ್ಯಾಸ್ ಕಂಪನಿ ದಿನಾ ಬೆಳಿಗ್ಗೆ ಕಳಿಸುತ್ತದೆ. ಅದನ್ನು ಸಾಫ್ಟ್‌ವೇರಿಗೆ ತುಂಬಿದರೆ ಗ್ಯಾಸಿನ ತೂಕ, ಶಾಖ, ಉರಿಯಲು ಬೇಕಾದ ಗಾಳಿ ಎಲ್ಲವೂ ಲೆಕ್ಕವಾಗಿ ಬರುತ್ತದೆ. ಮೂರು ದಿನವೂ ಅದು ಎಲ್ಲ ಸರಿಯಿದೆ ಎಂದೇ ಹೇಳಿತ್ತು. ವರದಿಯ ಕೆಳಗೆ ಅಂಬಿಕಾಳ ಸಹಿಯಿತ್ತು.

ಅಂಬಿಕಾ ಲ್ಯಾಬಿಗೆ ಬಂದು ಎರಡು ತಿಂಗಳಾಗಿತ್ತು. ಬಾದಾಮಿ ಕಡೆಯಿಂದ ಫಾತೋರ್ಡಾಕ್ಕೆ ಬಂದು ಕಾಂಕ್ರೀಟು ಹೊತ್ತ ಅಪ್ಪ-ಅವ್ವನ ಮಗಳು, ಡಿಪ್ಲೊಮಾ ಮುಗಿಸಿ ಹಿಡಿದ ಮೊದಲ ನೌಕರಿ ಇದು. ಸಾಫ್ಟ್‌ವೇರ್ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದಳು. ಆದರೆ ಕಂಠೆಪ್ಪನ ಮುಖ ನೋಡಿದಾಗಲೆಲ್ಲ ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಬೆಳಿಗ್ಗೆ ಸಮಾಧಾನವಾಗದೆ, ಪಟ್ಟಿಯ ಅಂಕಿಗಳನ್ನು ಪೆನ್ನು ಹಿಡಿದು ತಾನೇ ಕೂಡಿಸಿದಳು. ತೊಂಬತ್ತನಾಲ್ಕು ಬಂತು. ಮತ್ತೊಮ್ಮೆ ಕೂಡಿಸಿದರೂ ತೊಂಬತ್ತನಾಲ್ಕೇ. ಪರದೆಯ ಮೇಲೆ ಮಾತ್ರ ಒಟ್ಟು ನೂರು ಎಂದಿತ್ತು.

ಹುಡುಕಿದರೆ ಸೆಟ್ಟಿಂಗಿನ ಮೂಲೆಯಲ್ಲಿ ಒಂದು ಟಿಕ್ ಗುರುತು ಸಿಕ್ಕಿತು. ಹಿಂದಿನ ಕೆಮಿಸ್ಟ್ ಹಾಕಿಟ್ಟು ಹೋದದ್ದು. ನೆಂಟರು ಹೆಚ್ಚಾದಾಗ ಸಾರಿಗೆ ನೀರು ಸುರಿಯುವಂತೆ, ಕಡಿಮೆ ಬಿದ್ದಷ್ಟಕ್ಕೆಲ್ಲ ಸಾಫ್ಟ್‌ವೇರ್ ಮೀಥೇನ್ ಸುರಿದು ನೂರು ಮಾಡುತ್ತಿತ್ತು. ಹಾಗಾದರೆ ಆ ಆರು ಎಲ್ಲಿ ಹೋಯಿತು? ಪಟ್ಟಿಯ ಅಡಿಯಲ್ಲಿ ‘ಎರಡರಲ್ಲಿ ಒಂದನೆಯ ಪುಟ’ ಎಂದು ಸಣ್ಣ ಅಕ್ಷರದಲ್ಲಿತ್ತು. ಎರಡನೆಯದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಪ್ರಿಂಟರ್ ಇದ್ದದ್ದು ಚಹಾ ಮಾಡುವ ಕೋಣೆಯ ಬಾಗಿಲಲ್ಲಿ. ಅಂಬಿಕಾ ಕೇಳಿದಾಗ ಚಹಾ ಮಾಡುವ ಚಾಂದಿಬಾಯಿ ಏನೂ ಮುಚ್ಚಿಡಲಿಲ್ಲ. ಎರಡನೆಯ ಹಾಳೆಯಲ್ಲಿ ಬರೀ ಸೊನ್ನೆಗಳಿರುತ್ತವೆ, ತಗೋ ಎಂದು ಹಳೆಯ ಕೆಮಿಸ್ಟ್ ಸಾಹೇಬರೇ ಕೊಟ್ಟಿದ್ದರಂತೆ. ಅಂದಿನಿಂದ ದಿನಾ ಅದನ್ನು ಅವಳು ಮಿರ್ಚಿ ಭಜಿಯ ಎಣ್ಣೆ ಹೀರಲು ತಟ್ಟೆಗೆ ಹಾಸುತ್ತಿದ್ದಳು. ಅಂಬಿಕಾ ಬಿಸಿ ಮಿರ್ಚಿಗಳನ್ನು ಬದಿಗೆ ಸರಿಸಿ ಹಾಳೆ ಎಳೆದುಕೊಂಡಳು. ಎಣ್ಣೆಯಲ್ಲಿ ನೆನೆದರೂ ಅಂಕಿಗಳು ಚೆನ್ನಾಗಿ ಕಾಣುತ್ತಿದ್ದವು. ಪ್ರೊಪೇನ್, ಬ್ಯೂಟೇನ್, ಎಲ್ಲ ಭಾರದ ಅನಿಲಗಳು. ಎಂದೂ ಶೇಕಡಾ ಅರ್ಧ ದಾಟದ ಅವು ಈಗ ಆರಾಗಿದ್ದವು.

ಟಿಕ್ ತೆಗೆದು ಎಲ್ಲವನ್ನೂ ತುಂಬಿದಳು. ಈ ಸಲ ನೂರು ತಾನಾಗಿಯೇ ಬಂತು. ಗ್ಯಾಸು ಭಾರ, ಶಾಖ ಜಾಸ್ತಿ, ಗಾಳಿ ಇಪ್ಪತ್ತರಲ್ಲಿ ಒಂದು ಪಾಲು ಹೆಚ್ಚು ಬೇಕು ಎಂದಿತು ಪರದೆ. ಖುಷಿಗೆ ಅವಳ ಕಣ್ಣು ತುಂಬಿತು, ಮರುಗಳಿಗೆ ಹಳೆಯ ವರದಿಯ ಕೆಳಗಿನ ತನ್ನ ಸಹಿ ಕಣ್ಣಿಗೆ ಬಿತ್ತು. ಸುಮ್ಮನಿದ್ದು ನಾಳೆಯಿಂದ ಸರಿಯಾಗಿ ತುಂಬಿದರೆ ಯಾರಿಗೂ ತಿಳಿಯುವುದಿಲ್ಲ. ಪತ್ರಕ್ಕೆ ಮಾತ್ರ ಇವತ್ತೇ ಸಹಿಯಾಗುತ್ತದೆ. ಅವಳು ಹಳೆಯ ವರದಿ, ಹೊಸ ವರದಿ, ಎಣ್ಣೆ ಹಾಳೆ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಓಡಿದಳು.

ಬೆಳಗಾವಿಯ ಪರ್ವೇಜ ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದರು.

“ಅಂದ್ರ ಮೂರು ದಿನಾ ತಪ್ಪು ವರದಿ ಕೊಟ್ಟಾಕಿ ನೀನು?”

“ಹೌದ್ರಿ ಸಾಹೇಬ್ರ, ತಪ್ಪು ನಂದು. ಕಂಠೆಪ್ಪ ಕಾಕಾಂದಲ್ಲ. ಆ ಪತ್ರಾ ಬರೂದಿದ್ರ ನನ್ನ ಹೆಸರಿಗೆ ಬರಲಿ.”

ಪರ್ವೇಜ ಬೈಯಲಿಲ್ಲ. ಸೀದಾ ಎದ್ದು ಕುಲುಮೆಗೆ ನಡೆದರು. ಅಂಬಿಕಾ ಹೇಳಿದ ಲೆಕ್ಕಕ್ಕೆ ಕಂಠೆಪ್ಪ ಗಾಳಿಯ ಚಕ್ರವನ್ನು ಬೆರಳಷ್ಟು ಬೆರಳಷ್ಟೇ ತಿರುಗಿಸಿದ. ಹೊಗೆ ಕಡಿಮೆಯಾಯಿತು. ಹಳದಿ ಬಾಲ ಗಿಡ್ಡವಾಗುತ್ತ ಬಂದು, ಉರಿ ಗುಂಯ್ ಎಂದು ನೆಟ್ಟಗೆ ನಿಂತಿತು. ಇಡೀ ಪಾಳಿಯವರು ಕೈಕೆಲಸ ಬಿಟ್ಟು ಸಿಳ್ಳೆ ಹಾಕಿದರು. ಸಂಜೆಗೆ ಬಂದ ಬಾಟಲಿಗಳ ಆಚೆ ಹಿಡಿದ ಕೈಯ ಗೆರೆ ಎಣಿಸಬಹುದಿತ್ತು. ಟೈಪಾದ ಪತ್ರವನ್ನು ಪರ್ವೇಜ ಕಂಠೆಪ್ಪನ ಕೈಗೇ ಕೊಟ್ಟು ಹರಿಯಲು ಹೇಳಿದರು. ಅವನು ನಾಲ್ಕು ತುಂಡು ಮಾಡಿ, ಸಾಲದೆಂಬಂತೆ ಎಂಟು ಮಾಡಿದ.

ಗ್ಯಾಸು ಬದಲಾದಾಗ ಮೊದಲೇ ತಿಳಿಸಬೇಕೆಂದು ಗ್ಯಾಸ್ ಕಂಪನಿಗೆ ಅಂದೇ ಕಾಗದ ಹೊರಟಿತು. ಅದರಲ್ಲಿ ಬದಲಾವಣೆಯನ್ನು ಮೊದಲು ಗುರುತಿಸಿದವರ ಹೆಸರು, ಹುದ್ದೆ ಬರೆಯಬೇಕಿತ್ತು. ಪರ್ವೇಜ ಅಂಬಿಕಾಳ ಹೆಸರು ಬರೆಯಹೊರಟರು, ಅವಳು ಬೇಡವೆಂದು ಕಂಠೆಪ್ಪನನ್ನು ತೋರಿಸಿದಳು. ರಿಜಿಸ್ಟರಿನಲ್ಲಿ ಹದಿನೆಂಟು ವರ್ಷದಿಂದ ಅವನು ‘ಹೆಲ್ಪರ್’. ಅಷ್ಟೇ ಬರೆಯಲು ಪರ್ವೇಜರಿಗೂ ಯಾಕೋ ನಾಚಿಕೆಯಾಯಿತು.

“ಹುದ್ದೆ ಏನಂತ ಬರೀಲೋ ಕಂಠೆಪ್ಪಾ?”

ಕುಲುಮೆಯ ಕಿಂಡಿಯಿಂದ ಕಣ್ಣು ತೆಗೆಯದೆ ಕಂಠೆಪ್ಪ ಹೇಳಿದ: “ಉರಿ ನೋಡಾಂವ ಅಂತ ಬರೀರಿ.”