ಹಿತ್ತಿಲ ಬಚ್ಚಲಿಗೆ ತೂಕ

ಭೂಮಿ ಸೆಳೆಯುವುದನ್ನು ಬಿಟ್ಟ ಮೇಲೆ ತೂಕವೂ ಕರೆಂಟಿನಂತೆ ಕೇಬಲ್ಲಿನಲ್ಲೇ ಬರುತ್ತಿತ್ತು, ಅದೂ ಮನೆಯೊಳಗೆ ಮಾತ್ರ. ಹಿತ್ತಿಲ ಬಚ್ಚಲಿಗೆ ತಿಪ್ಪವ್ವ ಹಗ್ಗ ಹಿಡಿದು ತೇಲುತ್ತ ಹೋಗಬೇಕು. ಅಲ್ಲಿ ಸುರಿದ ನೀರು ತಲೆಗೆ ಬೀಳದೆ ಗುಂಡಗೆ ತೇಲಿಹೋಗುವುದರಿಂದ, ಒಂಬತ್ತು ವರ್ಷ ಒದ್ದೆ ಬಟ್ಟೆಯಲ್ಲೇ ಮೈ ಒರೆಸಿಕೊಂಡಿದ್ದಳು. ತಲೆ ತುಂಬ ನೀರು ಹಾಕಿಕೊಳ್ಳಬೇಕೆಂಬುದೊಂದೇ ಅವಳ ಆಸೆ.

ಹಿಂದೆ ಎರಡು ಸಲ ಬಚ್ಚಲಿಗೆ ಎಳೆದ ಕೇಬಲ್ಲನ್ನು ಹೆಗ್ಗಣ ಕಡಿದಿತ್ತು. ಈ ಸಲ ತೂಕದ ಲೈನ್ ಎಳೆಯುವ ಮೌಲಾಸಾಬ ಉಕ್ಕಿನ ತಂತಿ ಸುತ್ತಿದ ಕೇಬಲ್ ಹೂತು, ಹಾರಿಹೋಗದಂತೆ ಹಸಿ ಮರಳು ತುಂಬಿ ಇಟ್ಟಿಗೆ ಬಿಗಿದು ಮುಚ್ಚಿದ.

"ಇದನ್ನೂ ಕಡಿದ್ರ?" ಎಂದಳು ತಿಪ್ಪವ್ವ.

"ಕಡೀಲಿ ಬಿಡಬೇ. ಹಲ್ಲು ಉದುರ್ತಾವ."

ಅವನು ಸ್ವಿಚ್ ಹಾಕಿದಾಗ ಅವಳ ಪಾದ ಬಚ್ಚಲ ಕಲ್ಲಿಗೆ ಊರಿತು. ಬಾಗಿಲು ಹಾಕಿಕೊಂಡು, ಹಂಡೆಯ ಬಿಗಿದ ಮುಚ್ಚಳ ತೆಗೆದು, ಒಂದು ತಂಬಿಗೆ ನೆತ್ತಿಗೆ ಸುರಿದು ನಿಂತುಬಿಟ್ಟಳು.

"ಯಾಕಬೇ, ಸುಮ್ನಾದಿ? ತೂಕ ಬರಲಿಲ್ಲೇನು?" ಮೌಲಾಸಾಬ ಹೊರಗಿನಿಂದ ಕೇಳಿದ.

"ಬಂತಪ್ಪಾ. ನೀರು ಬೆನ್ನಿಗೆ ಇಳೀಲಿಕ್ಕೆ ಹತ್ತೈತಿ. ಜರಾ ಸುಮ್ನಿರು."